ನಾಲ್ಕು ಗಂಟೆಯ ಬಳಿಕದ ಕನ್ನಡ: ಕಾಸರಗೋಡಿನ ಮಕ್ಕಳಿಗೆ ಸಂಜೆಯ ಕಲಿಕೆ ಎಟಕುವುದು ಹೇಗೆ?

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಯಾವುದೇ ಕನ್ನಡ ಮಾಧ್ಯಮ ತರಗತಿಯಲ್ಲಿ ಮಕ್ಕಳ ಮನೆಮಾತುಗಳನ್ನು ಕೇಳಿ ನೋಡಿದರೆ ತುಳು, ಹವ್ಯಕ, ಕರಾಡ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಎಂದು ಪಟ್ಟಿ ಬೆಳೆಯುತ್ತದೆ. ಇವರಲ್ಲಿ ಅನೇಕರಿಗೆ ಗ್ರಾಂಥಿಕ ಕನ್ನಡವು ಅಡುಗೆಮನೆಯ ಮಾತಲ್ಲ. ಅದು ಶಾಲೆಯ, ಪತ್ರಿಕೆಯ, ರಂಗಸ್ಥಳದ ಭಾಷೆ. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟೊಡನೆ ಆ ಭಾಷೆ ಕಿವಿಗೆ ಬೀಳುವ ಅವಕಾಶವೂ ಅಂದಿನ ಮಟ್ಟಿಗೆ ಮುಗಿಯುತ್ತದೆ. ಬೇರೆ ಊರುಗಳಲ್ಲಿ ಶಾಲೆ ಬಿಟ್ಟ ಬಳಿಕದ ಆಟ, ಕಲೆ, ಓದು ಎಂದರೆ ಪ್ರತಿಭೆಯ ಮಾತಾಗಬಹುದು. ಗಡಿನಾಡಿನಲ್ಲಿ ಅದು, ಐದನೆಯ ತರಗತಿಯ ಮಗು ಹತ್ತನೆಯ ತರಗತಿಗೆ ಬರುವಾಗ ಕನ್ನಡದಲ್ಲಿ ನಿರ್ಭಯವಾಗಿ ಹತ್ತು ವಾಕ್ಯ ಆಡೀತೇ ಎಂಬ ಪ್ರಶ್ನೆಯೂ ಹೌದು.

ಕೇರಳದಲ್ಲಿ ಇದಕ್ಕೆ ವ್ಯವಸ್ಥೆಯೇ ಇಲ್ಲವೆನ್ನಲಾಗದು. 1957ರಲ್ಲಿ ಆರಂಭವಾದ ಶಾಲಾ ಕಲೋತ್ಸವದಲ್ಲಿ ಕನ್ನಡ ಕಂಠಪಾಠವಿದೆ, ಕನ್ನಡ ಭಾಷಣವಿದೆ, ಯಕ್ಷಗಾನವಿದೆ. 2010ರಿಂದ ಸ್ಟೂಡೆಂಟ್ ಪೊಲೀಸ್ ಕೆಡೆಟ್, 2018ರಿಂದ ಲಿಟಲ್ ಕೈಟ್ಸ್ ಘಟಕಗಳು ಪ್ರೌಢಶಾಲೆಗಳಲ್ಲಿ ನಡೆಯುತ್ತಿವೆ. ಆದರೆ ಇವೆಲ್ಲ ಆಯ್ಕೆಯ ಮೂಲಕ ಸಾಗುವಂಥವು. ಕಲೋತ್ಸವದ ವಿಷಯದಲ್ಲಂತೂ ಸ್ಪರ್ಧೆ ಹತ್ತಿರವಾದಾಗ ಮೂರು ನಾಲ್ಕು ವಾರ ಅಭ್ಯಾಸ ಬಿರುಸಾಗಿ ನಡೆದು, ಉಪಜಿಲ್ಲಾ ಮಟ್ಟದ ಫಲಿತಾಂಶ ಬಂದ ಮರುದಿನ ನಿಂತುಹೋಗುತ್ತದೆ. ವೇದಿಕೆಗೆ ಹೋದವರು ಮೊದಲೇ ಬಲ್ಲವರು. ಉಳಿದವರು ಚಪ್ಪಾಳೆ ತಟ್ಟಿದವರು. ಸ್ಪರ್ಧೆಯನ್ನು ನಾವು ಹೀಗಳೆಯುತ್ತಿಲ್ಲ. ಆದರೆ ಸ್ಪರ್ಧೆ ಎಂಬುದು ವರ್ಷವಿಡೀ ನಡೆದ ಕಲಿಕೆಯ ತುದಿಯಾಗಬೇಕೇ ಹೊರತು ಅದೇ ಕಲಿಕೆಯಾಗಬಾರದು.

ಯಕ್ಷಗಾನವನ್ನೇ ನೋಡೋಣ. ಪಾರ್ತಿಸುಬ್ಬನ ಕುಂಬಳೆ ನಮ್ಮ ನಡುವೆಯೇ ಇದೆ. ಕಲೋತ್ಸವಕ್ಕೆ ದಕ್ಷಿಣದ ಜಿಲ್ಲೆಗಳ ಮಲಯಾಳ ಶಾಲೆಗಳೂ ಯಕ್ಷಗಾನ ತಂಡ ಕಟ್ಟುತ್ತವೆ; ಅಲ್ಲಿಗೆ ಹೆಜ್ಜೆ ಕಲಿಸಲು ಇಲ್ಲಿಂದಲೇ ಗುರುಗಳು ಹೋಗುವುದುಂಟು. ಹೊರಜಿಲ್ಲೆಯ ಶಾಲೆ ಸಂಭಾವನೆ ಕೊಟ್ಟು ಕರೆಸಿಕೊಳ್ಳುತ್ತದೆ, ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಗೆ ಆ ಶಕ್ತಿಯಿಲ್ಲ. ಅಭಿಮಾನ ಪಡಬೇಕೋ ಬೇಸರಿಸಬೇಕೋ ತಿಳಿಯದ ಸ್ಥಿತಿ ಇದು.

ವೆಚ್ಚದಲ್ಲಿ ದೊಡ್ಡ ಪಾಲು ವೇಷಭೂಷಣದ ಬಾಡಿಗೆ, ಬಣ್ಣಗಾರಿಕೆ ಮತ್ತು ಹಿಮ್ಮೇಳಕ್ಕೆ ಹೋಗುತ್ತದೆ. ಆದುದರಿಂದ ಆರಂಭಕ್ಕೆ ತಾಳಮದ್ದಳೆಯೇ ಮೇಲೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಿರೀಟ ಬೇಡ, ಗೆಜ್ಜೆ ಬೇಡ, ರಂಗಸ್ಥಳ ಬೇಡ. ಒಬ್ಬ ಭಾಗವತರು, ಒಂದು ಮದ್ದಳೆ, ಕುಳಿತುಕೊಳ್ಳಲು ಒಂದು ಚಾಪೆ ಸಾಕು. ಭಾಗವತರು ಪದ್ಯ ಹಾಡಿ ಮುಗಿಸಿದ ಮೇಲೆ ಅದರ ಅರ್ಥವನ್ನು ಪಾತ್ರದ ಬಾಯಿಂದ ಸ್ವಂತ ಮಾತಿನಲ್ಲಿ ಹೇಳಬೇಕು, ಎದುರಾಳಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಡುಕಬೇಕು. ಬಾಯಿಪಾಠದ ಭಾಷಣದಲ್ಲಿ ಒಂದು ಸಾಲು ಮರೆತರೆ ಮಗು ನಿಂತುಬಿಡುತ್ತದೆ. ಅರ್ಥಗಾರಿಕೆಯಲ್ಲಿ ಮರೆಯಲು ಸಾಲೇ ಇಲ್ಲ, ಕಟ್ಟಿಕೊಳ್ಳಲು ಮಾತಿದೆ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ ಮಗುವಿಗೆ ಕನ್ನಡದ ಸಮಾಸ, ಸಂಬೋಧನೆ, ವಾದದ ಓಟ ಇವೆಲ್ಲ ಇಷ್ಟು ಸಹಜವಾಗಿ ಒಗ್ಗುವ ಇನ್ನೊಂದು ದಾರಿ ನಮಗೆ ಕಾಣದು. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ ನಡೆಸಿದರೂ ಒಂದು ಶೈಕ್ಷಣಿಕ ವರ್ಷದಲ್ಲಿ ಒಂದು ಸಣ್ಣ ಪ್ರಸಂಗವನ್ನು ಮಕ್ಕಳಿಂದ ಹೇಳಿಸಬಹುದು.

ಎಲ್ಲಿ ನಡೆಸಬೇಕು? ಊರೂರಿನಲ್ಲಿ ಭಜನಾ ಮಂದಿರಗಳಿವೆ, ಅಲ್ಲಿ ನಡೆಯುವ ತರಗತಿಗಳ ಉಪಕಾರ ಸಣ್ಣದಲ್ಲ. ಆದರೂ ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳೆಲ್ಲರೂ ಸಂಕೋಚವಿಲ್ಲದೆ ಬರುವ ಜಾಗ ಶಾಲೆಯ ಕೊಠಡಿ ಅಥವಾ ಊರಿನ ವಾಚನಾಲಯ. ದೂರದ ಪ್ರಶ್ನೆಯೂ ಇದೆ. ರೈಲು, ಹೆದ್ದಾರಿ, ಪೇಟೆ ಎಲ್ಲವೂ ಕಡಲ ಬದಿಯಲ್ಲಿವೆ. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ, ವರ್ಕಾಡಿಯಂತಹ ಪಂಚಾಯತ್‌ಗಳ ಒಳಪ್ರದೇಶದ ಮಕ್ಕಳು ಬಸ್ಸಿಳಿದು ಗುಡ್ಡ ಹತ್ತಿ ಮನೆ ಸೇರಬೇಕು. ಐದು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಎಂಬುದು ಖಾತ್ರಿಯಿಲ್ಲದ ಕಡೆ, ಅದೂ ಮಳೆಗಾಲದಲ್ಲಿ, ಹೆಣ್ಣುಮಕ್ಕಳನ್ನು ಅಭ್ಯಾಸಕ್ಕೆ ನಿಲ್ಲಿಸಲು ಹೆತ್ತವರು ಹಿಂಜರಿದರೆ ತಪ್ಪೆನ್ನಲಾಗದು. ಮಗುವನ್ನು ಪೇಟೆಯ ತರಗತಿಗೆ ಕಳುಹಿಸುವ ಯೋಚನೆಗಿಂತ ತರಗತಿಯನ್ನು ಮಗು ನಡೆದು ಹೋಗುವ ದೂರಕ್ಕೆ ತರುವ ಯೋಚನೆ ಬೇಕು.

ಅದಕ್ಕೆ ಒದಗುವ ವ್ಯವಸ್ಥೆಯೊಂದು ಈಗಾಗಲೇ ಇದೆ, ಅದರ ಹಣವನ್ನು ನಾವೇ ಕಟ್ಟುತ್ತಿದ್ದೇವೆ. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಕಟ್ಟಡ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 5 ಪೈಸೆ ಗ್ರಂಥಾಲಯ ಸೆಸ್ ಸಂಗ್ರಹವಾಗುತ್ತದೆ. ಲೈಬ್ರೆರಿ ಕೌನ್ಸಿಲಿನ ಮಾನ್ಯತೆ ಪಡೆದ ಗ್ರಂಥಾಲಯಗಳಿಗೆ ಅವುಗಳ ದರ್ಜೆಗೆ ತಕ್ಕಂತೆ ವಾರ್ಷಿಕ ಅನುದಾನ ದೊರೆಯುತ್ತದೆ. ಇಂತಹ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ಬಾಲವೇದಿ ನಡೆಸುವ ಪದ್ಧತಿಯೂ ಇದೆ. ಗ್ರಂಥಾಲಯವನ್ನು ನಡೆಸುವುದು ಸದಸ್ಯರೇ ಆರಿಸಿದ ಸಮಿತಿ. ಪುಸ್ತಕ ಕೊಳ್ಳುವ ದಿನ ಆ ಸಮಿತಿಯಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲದಿದ್ದರೆ ಕಪಾಟಿಗೆ ಕನ್ನಡ ಪುಸ್ತಕ ಬರುವುದಾದರೂ ಹೇಗೆ? ಸದಸ್ಯತ್ವ ಪಡೆಯದೆ, ಚುನಾವಣೆಗೆ ನಿಲ್ಲದೆ, ಹೊರಗೆ ನಿಂತು ದೂರುವುದು ನಮ್ಮವರಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದೆ.

ಎರಡನೆಯ ಬಾಗಿಲು ಗ್ರಾಮ ಪಂಚಾಯತ್. ಕೇರಳದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ಹೊಣೆ ಗ್ರಾಮ ಪಂಚಾಯತ್‌ಗಳಿಗೂ ಪ್ರೌಢಶಾಲೆಗಳ ಹೊಣೆ ಜಿಲ್ಲಾ ಪಂಚಾಯತ್‌ಗೂ ವರ್ಗಾವಣೆಯಾಗಿದೆ. ಅನುದಾನಿತ ಶಾಲೆಗಳು ಮ್ಯಾನೇಜರರ ಆಡಳಿತದಲ್ಲಿರುವುದರಿಂದ ಅಲ್ಲಿ ಕೊಠಡಿ ಬಳಸಲು ಅವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಗ್ರಾಮಸಭೆ ಪ್ರತಿ ವಾರ್ಡಿನಲ್ಲಿಯೂ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ನಿಯಮ. ಅಲ್ಲಿ ರಸ್ತೆ, ನೀರು, ಬೀದಿದೀಪಗಳ ಬೇಡಿಕೆ ಕೇಳಿಬರುತ್ತದೆ. ಮಕ್ಕಳ ಸಂಜೆಯ ಬೇಡಿಕೆ ಅಪರೂಪ. ಯೋಜನೆಯು ಗ್ರಾಮಸಭೆ, ಕಾರ್ಯಗುಂಪು, ಅಭಿವೃದ್ಧಿ ಸೆಮಿನಾರು, ಜಿಲ್ಲಾ ಯೋಜನಾ ಸಮಿತಿ ಎಂದು ಹಂತ ಹಂತವಾಗಿ ದಾಟಬೇಕಾದುದರಿಂದ ಜೂನಿನಲ್ಲಿ ತರಗತಿ ಬೇಕಿದ್ದರೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಮಾತೆತ್ತಬೇಕು. ಕುಟುಂಬಶ್ರೀಯ ಬಾಲಸಭೆಗಳಲ್ಲಿ ಮಕ್ಕಳೇ ಈ ಬೇಡಿಕೆಯನ್ನು ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಕೊರಗ ಮೊದಲಾದ ಬುಡಕಟ್ಟು ಮಕ್ಕಳ ವಿಷಯದಲ್ಲಿ ಪರಿಶಿಷ್ಟ ವರ್ಗ ಇಲಾಖೆಯ ಸಾಮೂಹಿಕ ಕಲಿಕಾ ಕೊಠಡಿಗಳಿರುವ ಕಡೆ ಅವುಗಳೊಡನೆ ಸೇರಿ ನಡೆಸುವುದು ಲೇಸು. ಆ ಮಕ್ಕಳು ತಾವಾಗಿ ಬರಲಿ ಎಂದು ಕಾಯುತ್ತಾ ಕುಳಿತರೆ ಅವರು ಬಾರರು.

ಗಡಿಯಾಚೆಯಿಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ನೆರವೂ ಉಂಟು. ಅದು ಒಂದು ದಿನದ ಉತ್ಸವ, ಸನ್ಮಾನ, ಸ್ಮರಣಿಕೆಗಳಲ್ಲಿ ಕರಗದೆ ಗುರುಗಳ ಮಾಸಿಕ ಸಂಭಾವನೆಯ ರೂಪದಲ್ಲಿ ಬಂದರೆ ಮಕ್ಕಳಿಗೆ ಹೆಚ್ಚು ಪ್ರಯೋಜನವೆಂದು ಸಂಘಟಕರಲ್ಲಿ ನಮ್ಮ ವಿನಂತಿ.

ಅರ್ಜಿಯ ಭಾಷೆಯ ಬಗ್ಗೆ ಕೆಲವರಿಗೆ ಅಳುಕಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರಿಗೆ ತಮ್ಮ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿಯೇ ವ್ಯವಹರಿಸಲು ಅವಕಾಶ ಕೊಟ್ಟಿದೆ. ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಆದುದರಿಂದ ರಕ್ಷಕ-ಶಿಕ್ಷಕ ಸಂಘದ ತೀರ್ಮಾನದ ಪ್ರತಿಯೊಡನೆ ಕನ್ನಡದಲ್ಲಿಯೇ ಬರೆಯೋಣ. ಅದರಲ್ಲಿ ಕೇಳಬೇಕಾದುದು ದೊಡ್ಡದೇನಲ್ಲ: ಕನ್ನಡ ಬಲ್ಲ ಗುರುಗಳೊಬ್ಬರಿಗೆ ವಾರದಲ್ಲಿ ಎರಡು ದಿನದ ಸಂಭಾವನೆ, ಮಕ್ಕಳಿಗೆ ನಾಲ್ಕು ಗಂಟೆಗೆ ಒಂದಿಷ್ಟು ತಿಂಡಿ, ಕೊಠಡಿಯ ಕೀಲಿಕೈ ಯಾರ ಬಳಿ ಇರಬೇಕೆಂಬ ಲಿಖಿತ ತೀರ್ಮಾನ, ಮತ್ತು ಆ ದಾರಿಯ ಬಸ್ಸಿನ ಹೊತ್ತಿಗೆ ಕಾಲು ಗಂಟೆ ಮೊದಲೇ ತರಗತಿ ಮುಗಿಯಬೇಕೆಂಬ ಒಂದು ಸಾಲು.