ಸೇಡಂ ರಸ್ತೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೊರಟಿತ್ತು!

ಬಂದ್ ಇಲ್ಲ, ಕರ್ಫ್ಯೂ ಇಲ್ಲ, ಆದರೂ ಕಲಬುರಗಿಯ ಬಜಾರು ಬಾಗಿಲು ಹಾಕಿದೆ! ಜನ ಎಲ್ಲಿ ಹೋದರು ಅಂತೀರಾ? ಸೇಡಂ ರಸ್ತೆಗೆ ಬನ್ನಿ. ವಿಶ್ವವಿದ್ಯಾಲಯ, ಬುದ್ಧವಿಹಾರ ದಾಟಿ ಟಂಟಂ, ಟ್ರ್ಯಾಕ್ಟರು, ಕಾರು, ನಾಲ್ವರು ಕೂತ ಬೈಕು. ಎಲ್ಲರ ತೊಡೆಯ ಮೇಲೂ ಬುಟ್ಟಿ, ಬುಟ್ಟಿಯಿಂದ ಭಜ್ಜಿಯ ಘಮ. ಇವತ್ತು ಎಳ್ಳಮಾವಾಸ್ಯೆ, ಇಲ್ಲಿಯವರ ಬಾಯಲ್ಲಿ ಎಳ್ಳಮಾಸಿ.

ರಸ್ತೆ ಬಿಟ್ಟು ಎರೆಹೊಲಕ್ಕೆ ಇಳಿದೆವು. ಒಂದು ಕಡೆ ಕಾಯಿ ಬಲಿತ ತೊಗರಿ (2019ರಲ್ಲಿ ಜಿಐ ಮಾನ್ಯತೆ ಪಡೆದದ್ದು ಇದೇ ಸೀಮೆಯ ಬೇಳೆ), ಇನ್ನೊಂದು ಕಡೆ ಹೊಡೆ ಬಿಚ್ಚುತ್ತಿರುವ ಬಿಳಿಜೋಳ. ನಡುವೆ ಜೋಳದ ದಂಟುಗಳ ತುದಿ ಕೂಡಿಸಿ ಕಟ್ಟಿದ ಕೊಂಪೆ. ಒಳಗೆ ಬಗ್ಗಿ ನೋಡುತ್ತೇನೆ, ಐದು ಕಲ್ಲು! ಸುಣ್ಣ ಬಳಿದು ಕುಂಕುಮ ಹಚ್ಚಿದ್ದಾರೆ. ಪಾಂಡವರಂತೆ. ಹಿಂದೆ ಮರೆಯಲ್ಲಿ ಇನ್ನೊಂದು ಕಲ್ಲು. ಅದ್ಯಾರು?

"ಅಂವ ಕರ್ಣ ರೀ ಅಣ್ಣಾರೆ. ಅಂವಗೂ ಎಡಿ ಬೇಕಲ್ಲ!" ಎಂದಳು ಮನೆಯ ಹಿರಿ ಅವ್ವ.

ಮಹಾಭಾರತದಲ್ಲಿ ತಮ್ಮಂದಿರ ಪಂಕ್ತಿಯಲ್ಲಿ ಕೂಡಲಾಗದವನಿಗೆ ಈ ಜೋಳದ ಹೊಲದಲ್ಲಿ ಎಡೆ! ಪೂಜಾರಿ ಇಲ್ಲ, ಮಂತ್ರವಿಲ್ಲ. ಆ ಅವ್ವನೇ ಎಲ್ಲ. ತೆನೆ ಹೊತ್ತ ಭೂಮಿತಾಯಿ ಈಗ ಬಸುರಿ, ಇದು ಅವಳ ಬಯಕೆಯೂಟ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಹತ್ತಾರು ಕಾಳು ಸೊಪ್ಪು ಬೆರೆತ ಭಜ್ಜಿ. ಬಸುರಿಗೆ ಇಷ್ಟಾದರೂ ಬೇಡವೇ?

ಆಮೇಲೆ ಚರಗ. ಮೈ ಜುಮ್ಮೆಂದದ್ದು ಅದಕ್ಕೆ. ಒಬ್ಬ ಎಡೆಯ ಅಡುಗೆಯನ್ನು ಹಿಡಿಹಿಡಿಯಾಗಿ ಬೆಳೆಯ ಮೇಲೆ ಚೆಲ್ಲುತ್ತ ಗಂಟಲು ಹರಿಯುವಂತೆ ಕೂಗುತ್ತಾನೆ. ತಂಬಿಗೆ ಹಿಡಿದವ ನೀರು ಚಿಮುಕಿಸುತ್ತ ಹಿಂದಿನಿಂದ ಮಾರುಲಿಯುತ್ತಾನೆ. ಹೊಲದ ಸುತ್ತ ನಡೆಯುತ್ತಾರೆ, ಅಲ್ಲ, ಓಡುತ್ತಾರೆ! ಪಕ್ಕದ ಹೊಲದಲ್ಲೂ ಅದೇ ಕೂಗು, ಅದರಾಚೆಯ ಹೊಲದಲ್ಲೂ. ಬಯಲೆಲ್ಲ ಒಂದೇ ಗಂಟಲು. ಹಕ್ಕಿಗೆ, ಇರುವೆಗೆ, ಹುಳಕ್ಕೆ ಎಲ್ಲಕ್ಕೂ ಇವತ್ತು ಪಾಲು. ನಾಳೆ ಇದೇ ಹುಳಕ್ಕೆ ಔಷಧಿ ಹೊಡೆಯುತ್ತಾರೆ, ಅದು ಬೇರೆ ಮಾತು.

ದೂರದ ಚೀನಾದ ಹಳ್ಳಿಗಳಲ್ಲೂ ತೂದಿಗೊಂಗ್ ಎಂಬ ಭೂದೇವನಿಗೆ ಹೊಲದಂಚಿನಲ್ಲಿ ಪುಟ್ಟ ಗುಡಿ ಇರುತ್ತದೆ; ಕೆಲವೆಡೆ ಬರೀ ಕಲ್ಲು. ಊದುಬತ್ತಿ ಹಚ್ಚಿ, ತಿನಿಸು ಇಟ್ಟು ಕೈ ಮುಗಿಯುತ್ತಾರೆ. ಒಬ್ಬರನ್ನೊಬ್ಬರು ಕಂಡೇ ಇರದ ರೈತರು ಅಲ್ಲೂ ಇಲ್ಲೂ ಮಣ್ಣಿಗೆ ಮೊದಲು ಉಣಿಸಿದ್ದಾರೆ, ಎಂಥ ಸೋಜಿಗ!

ಊಟಕ್ಕೆ ಕುಳಿತೆವು. ನಾನು ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಎರಡನೇ ಹೋಳಿಗೆಗೆ ಕೈ ಅಡ್ಡ ಹಿಡಿದರೆ ಮೂರನೆಯದೂ ಬಿತ್ತು. ಏಳುವಷ್ಟರಲ್ಲಿ ಬದುವಿನಾಚೆಯಿಂದ ಕರೆ: "ಅಣ್ಣಾರೆ, ನಮ್ ಹೊಲಕ್ಕೂ ಬರ್ರೀ, ಉಂಡು ಹೋಗ್ರಿ!"