ಕೈತಪ್ಪು ಎಂಬುದರ ಎಲ್ಲೆ

2010ರ ಡಿಸೆಂಬರಿನಲ್ಲಿ ಬಂದ ಒಂದು ಆರ್ಬಿಟ್ರೇಷನ್ ಅವಾರ್ಡ್‌ನ ಲೆಕ್ಕ ಹೀಗಿತ್ತು: 3,648.80 ಗ್ರಾಂ ಶುದ್ಧ ಚಿನ್ನ, ಗ್ರಾಂಗೆ 740 ರೂಪಾಯಿ, ಮೇಲೆ ಶೇ 18ರ ಬಡ್ಡಿ. ಗೆದ್ದದ್ದು ಟೈಟನ್ ಇಂಡಸ್ಟ್ರೀಸ್. ಅಷ್ಟರಲ್ಲಿ ಚಿನ್ನದ ದರ ಎಲ್ಲಿಂದೆಲ್ಲಿಗೋ ಏರಿತ್ತು. 740ರ ದರವನ್ನು ತಿದ್ದಬೇಕೆಂದು ಕಂಪನಿ ಅರ್ಜಿ ಹಾಕಿತು, ಆರ್ಬಿಟ್ರೇಟರ್ ಒಪ್ಪಿ ತಿದ್ದಿದರು. ಬೆಂಗಳೂರಿನ ಸಿವಿಲ್ ಕೋರ್ಟೂ ಕರ್ನಾಟಕ ಹೈಕೋರ್ಟೂ ಅದನ್ನು ಎತ್ತಿಹಿಡಿದವು. ಸುಪ್ರೀಂ ಕೋರ್ಟ್ ಮಾತ್ರ 2021ರ ನವೆಂಬರಿನಲ್ಲಿ ತಿದ್ದುಪಡಿಯನ್ನು ರದ್ದುಮಾಡಿ ಮೊದಲಿನ ಅವಾರ್ಡನ್ನೇ ಉಳಿಸಿತು. ಕ್ಲೇಮಿನಲ್ಲಿ 740ರ ಲೆಕ್ಕ ಕೊಟ್ಟದ್ದು ಕಂಪನಿಯೇ. ಕೇಳಿದಂತೆ ಕೊಟ್ಟದ್ದನ್ನು ಕೈತಪ್ಪು ಅನ್ನಲಾದೀತೇ?

1996ರ ಆರ್ಬಿಟ್ರೇಷನ್ ಕಾಯ್ದೆಯ 33ನೇ ಸೆಕ್ಷನ್ ಬಿಟ್ಟಿರುವ ದಾರಿ ಕಿರಿದು. ಅವಾರ್ಡ್ ಕೈಸೇರಿದ 30 ದಿನದೊಳಗೆ, ಎದುರು ಪಕ್ಷಕ್ಕೆ ನೋಟಿಸ್ ಕೊಟ್ಟು, ಲೆಕ್ಕದ ತಪ್ಪು, ಬರವಣಿಗೆಯ ತಪ್ಪು, ಟೈಪಿಂಗ್ ತಪ್ಪು ಮತ್ತು ಅಂಥವನ್ನು ತಿದ್ದಲು ಕೇಳಬಹುದು. ಮೂರು ಬಾಬ್ತುಗಳಿಗೆ 4, 6, 9 ಲಕ್ಷ ಕೊಟ್ಟು ಒಟ್ಟು 21 ಲಕ್ಷ ಎಂದು ಬರೆದಿದ್ದರೆ ಅದು 19 ಆಗಲೇಬೇಕು, ಅಲ್ಲಿ ವಾದಕ್ಕೆ ಜಾಗವಿಲ್ಲ. ಮಂಡಿಸಿದ್ದ ಕ್ಲೇಮೊಂದು ಬಿಟ್ಟುಹೋಗಿದ್ದರೆ ಹೆಚ್ಚುವರಿ ಅವಾರ್ಡ್ ಕೇಳಬಹುದು. ಬರೆಯಹೊರಟದ್ದು ಒಂದು, ಬರೆದದ್ದು ಇನ್ನೊಂದು ಆಗಿದ್ದರಷ್ಟೇ ತಿದ್ದುಪಡಿ. ತೀರ್ಮಾನವನ್ನೇ ಬದಲಿಸಬೇಕಾಗಿ ಬಂದರೆ ಅದು ಮರುವಿಚಾರಣೆ. ಈ ಗೆರೆಯನ್ನು ಕಟ್ಟುನಿಟ್ಟಾಗಿ ಕಾಯುವುದೇ ಸರಿ ಎಂದು ನನ್ನ ವಾದ. ಇಲ್ಲದಿದ್ದರೆ ಅವಾರ್ಡ್ ಬಂದ ಮರುದಿನವೇ ವ್ಯಾಜ್ಯದ ಎರಡನೇ ಸುತ್ತು ಶುರುವಾಗುತ್ತದೆ.

ತಪ್ಪೆಂದು ಗೊತ್ತಿದ್ದೂ ಅನ್ಯಾಯವನ್ನು ಸಹಿಸಬೇಕೆ ಎಂದು ಕೇಳುವವರಿದ್ದಾರೆ. ಬೇಕಿಲ್ಲ, 34ನೇ ಸೆಕ್ಷನ್ ಅಡಿ ಅವಾರ್ಡ್ ರದ್ದತಿ ಕೋರಬಹುದು. ಆದರೆ ಒಂದು ಅಂಕಿಯ ತಪ್ಪಿಗಾಗಿ ಇಡೀ ಅವಾರ್ಡನ್ನು ಉರುಳಿಸುವುದು ಅತಿಯಾಯಿತು ಎಂಬ ದೂರು ನಿಜವೇ ಆಗಿತ್ತು. ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ಸಂವಿಧಾನ ಪೀಠ 4:1 ಬಹುಮತದಿಂದ ಇದಕ್ಕೆ ಉತ್ತರ ಕೊಟ್ಟಿತು: ಮೇಲ್ನೋಟಕ್ಕೇ ಕಾಣುವ ಬರಹದ, ಲೆಕ್ಕದ ತಪ್ಪನ್ನು ಕೋರ್ಟೇ ತಿದ್ದಬಹುದು. ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸಮಾಧಾನವಿಲ್ಲ. ಅವಾರ್ಡ್‌ನ ಅಸ್ಪಷ್ಟ ಭಾಗಕ್ಕೆ ವಿವರಣೆ ಬೇಕಾದರೆ ಎರಡೂ ಪಕ್ಷ ಒಪ್ಪಿರಬೇಕು ಎನ್ನುತ್ತದೆ ಕಾಯ್ದೆ. ಸೋತವನು, ಅದೂ ಗೊಂದಲದಿಂದಲೇ ಲಾಭವಿರುವವನು, ಯಾಕೆ ಒಪ್ಪುತ್ತಾನೆ? ಈ ಷರತ್ತನ್ನು ಸಡಿಲಿಸಿದರೂ ಮರುವಿಚಾರಣೆಯ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ವಿವರಿಸುವುದಕ್ಕೆ ತೀರ್ಮಾನ ಬದಲಾಗಬೇಕಿಲ್ಲ.

ಗಡುವಿನ ವಿಷಯದಲ್ಲೂ ಇದೇ ಗೆರೆ ಲೆಕ್ಕಕ್ಕೆ ಬರುತ್ತದೆ. ರದ್ದತಿ ಅರ್ಜಿಗೆ ಮೂರು ತಿಂಗಳು, ಸಕಾರಣವಿದ್ದರೆ ಇನ್ನು 30 ದಿನ, ಆಮೇಲೆ ಒಂದು ದಿನವೂ ಇಲ್ಲ. 33ರಡಿ ಅರ್ಜಿ ಹಾಕಿದ್ದರೆ ಅದು ಇತ್ಯರ್ಥವಾದ ದಿನದಿಂದ ಎಣಿಕೆ. ಇದನ್ನು ನೆಚ್ಚಿ, ತಿದ್ದುಪಡಿಯ ಹೆಸರಿನಲ್ಲಿ ಪುನರ್ಪರಿಶೀಲನೆ ಕೇಳಿದ್ದ ಅರುಣಾಚಲ ಪ್ರದೇಶ ಸರ್ಕಾರಕ್ಕೆ ಸುಪ್ರೀಂ ಕೋರ್ಟ್ 2007ರಲ್ಲಿ ಆ ಅವಕಾಶವನ್ನು ಕೊಡಲಿಲ್ಲ. ಗಡುವು ಮೊದಲಿನ ಅವಾರ್ಡ್‌ನಿಂದಲೇ ಓಡಿತ್ತು.