‘ಇಲ್ಲ’ ಎನ್ನಲು ಬಲ್ಲ ಡಿ-ಡೈಮರ್

2021ರಲ್ಲಿ ಕೋವಿಡ್ ಎರಡನೇ ಅಲೆ ಅಪ್ಪಳಿಸಿದಾಗ ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ಎಂಬ ರಕ್ತಪರೀಕ್ಷೆಗಳ ಹೆಸರುಗಳು ಎಲ್ಲರ ಬಾಯಲ್ಲೂ ಓಡಾಡಿದವು. ಲ್ಯಾಬ್ ವರದಿ ವಾಟ್ಸ್‌ಆ್ಯಪ್‌ಗೆ ಬಂದದ್ದೇ ತಡ, ದಪ್ಪಕ್ಷರದ ಸಂಖ್ಯೆ ನೋಡಿ ನಿದ್ದೆಗೆಟ್ಟವರು ಎಷ್ಟೋ ಮಂದಿ. ಆದರೆ ಡಿ-ಡೈಮರ್‌ನ ಹಳೆಯ ಕಸುಬು ಬೇರೆಯೇ. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂಬ ಅನುಮಾನ ಬಂದಾಗ, ‘ಇಲ್ಲ’ ಎಂದು ಧೈರ್ಯ ಹೇಳುವುದು ಅದರ ಕೆಲಸ.

ಈ ಕಾಯಿಲೆಗೆ ವೈದ್ಯರು ಡಿವಿಟಿ ಎನ್ನುತ್ತಾರೆ. ಮೀನಖಂಡದಲ್ಲೋ ತೊಡೆಯಲ್ಲೋ ಕಟ್ಟಿದ ಹೆಪ್ಪಿನ ಚೂರು ಕಳಚಿ, ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಜನ ಬಾಂಬ್ ದಾಳಿಗೆ ಹೆದರಿ ಅಡಗುತಾಣಗಳಲ್ಲಿ ರಾತ್ರಿಯಿಡೀ ಕ್ಯಾನ್ವಾಸ್ ಕುರ್ಚಿಗಳ ಮೇಲೆ ಕೂರುತ್ತಿದ್ದರು. ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯನ್ನು ಒತ್ತುತ್ತಿತ್ತು. ಹೀಗೆ ಕೂತವರಲ್ಲಿ ಕೆಲವರು ಇಂಥ ಹೆಪ್ಪಿನಿಂದ ದಿಢೀರನೆ ಸತ್ತದ್ದನ್ನು ವಿಧಿವಿಜ್ಞಾನ ವೈದ್ಯ ಕೀತ್ ಸಿಂಪ್ಸನ್ 1940ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. 2003ರಲ್ಲಿ ಇರಾಕ್ ಯುದ್ಧದ ವರದಿಗೆ ಹೋಗಿ, ಇಕ್ಕಟ್ಟಾದ ಸೇನಾ ವಾಹನದಲ್ಲಿ ದಿನಗಟ್ಟಲೆ ಪ್ರಯಾಣಿಸಿದ ಎನ್‌ಬಿಸಿ ವರದಿಗಾರ ಡೇವಿಡ್ ಬ್ಲೂಮ್ ಇದೇ ರೀತಿ ತೀರಿಕೊಂಡಾಗ ಅವರಿಗೆ 39 ವರ್ಷ.

ಹೆಪ್ಪಿಗೆ ಗಟ್ಟಿತನ ಕೊಡುವುದು ಫೈಬ್ರಿನ್ ಎಂಬ ನಾರಿನ ಬಲೆ. ಹೆಪ್ಪು ಕಟ್ಟುತ್ತಿದ್ದಂತೆ ದೇಹ ಅದನ್ನು ಕರಗಿಸಲೂ ತೊಡಗುತ್ತದೆ. ಪ್ಲಾಸ್ಮಿನ್ ಎಂಬ ಕಿಣ್ವ ಬಲೆಯನ್ನು ಕತ್ತರಿಸುವಾಗ, ಒಂದಕ್ಕೊಂದು ಬೆಸೆದುಕೊಂಡ ಎರಡು ‘ಡಿ’ ತುಣುಕುಗಳು ಜೋಡಿಯಾಗಿಯೇ ರಕ್ತಕ್ಕೆ ಬೀಳುತ್ತವೆ. ಅದೇ ಡಿ-ಡೈಮರ್. ಇದನ್ನಷ್ಟೇ ಗುರುತಿಸುವ ಪ್ರತಿಕಾಯಗಳನ್ನು ಆಸ್ಟ್ರೇಲಿಯಾದ ಸಂಶೋಧಕರು 1980ರ ದಶಕದ ಆರಂಭದಲ್ಲಿ ರೂಪಿಸಿದ ಮೇಲೆ ಪರೀಕ್ಷೆ ಸುಲಭವಾಯಿತು.

ತೊಡಕಿರುವುದು ಇಲ್ಲೇ. ಫೈಬ್ರಿನ್ ಕಾಲಿನಲ್ಲಷ್ಟೇ ಹುಟ್ಟುವುದಿಲ್ಲವಲ್ಲ! ಬಸಿರು, ನ್ಯುಮೋನಿಯಾ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಕೊನೆಗೆ ಬರೀ ವಯಸ್ಸಾದರೂ ಸಂಖ್ಯೆ ಏರುತ್ತದೆ. ಹಾಗಾಗಿ ಹೆಚ್ಚಿದ್ದ ಮಾತ್ರಕ್ಕೆ ಡಿವಿಟಿ ಎನ್ನುವಂತಿಲ್ಲ. ಕಡಿಮೆಯಿದ್ದರೆ ಮಾತ್ರ ಅದರ ಮಾತಿಗೆ ತೂಕ. ಅದೂ ರೋಗಿಯನ್ನು ಮುಟ್ಟಿ ನೋಡಿದ ಮೇಲೆ.

ಮುಟ್ಟಿ ನೋಡುವುದಕ್ಕೂ ಲೆಕ್ಕವಿದೆ. ಕೆನಡಾದ ವೈದ್ಯ ಫಿಲಿಪ್ ವೆಲ್ಸ್ ರೂಪಿಸಿದ ಅಂಕಪಟ್ಟಿಯ ಪ್ರಕಾರ, ಮೊಣಕಾಲಿನ ಕೆಳಗೆ ಕೈಗೆ ಸಿಗುವ ಮೂಳೆಯ ಗುಬ್ಬಿಯಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲುಗಳಿಗೆ ಅಳತೆ ಟೇಪು ಸುತ್ತಬೇಕು. ನೋವಿರುವ ಕಾಲಿನ ಸುತ್ತಳತೆ ಇನ್ನೊಂದರದ್ದಕ್ಕಿಂತ 3 ಸೆಂ.ಮೀ.ಗೂ ಹೆಚ್ಚಿದ್ದರೆ 1 ಅಂಕ. ಕಾಲಿಗೆ ಪ್ಲಾಸ್ಟರ್ ಹಾಕಿದ್ದರೆ 1, ಕ್ಯಾನ್ಸರ್ ಇದ್ದರೆ 1. ಊತಕ್ಕೆ ಸೋಂಕಿನಂಥ ಬೇರೆ ಕಾರಣವೂ ಅಷ್ಟೇ ಸಂಭವ ಎನಿಸಿದರೆ 2 ಅಂಕ ಕಡಿತ. ಒಟ್ಟು 2ಕ್ಕಿಂತ ಕಡಿಮೆಯಿದ್ದು ಡಿ-ಡೈಮರ್ ಕೂಡ ನೆಗೆಟಿವ್ ಬಂದರೆ ಹೆಪ್ಪು ಹುಡುಕುವ ಡಾಪ್ಲರ್ ಸ್ಕ್ಯಾನ್ ಬೇಕಿಲ್ಲ. ವೆಲ್ಸ್ ತಂಡ 2003ರಲ್ಲಿ ಪ್ರಕಟಿಸಿದ, 1,096 ಹೊರರೋಗಿಗಳ ಅಧ್ಯಯನ ಇದಕ್ಕೆ ಆಧಾರ. ಡಿ-ಡೈಮರ್ ಬಳಸಿದ ಗುಂಪಿನಲ್ಲಿ ‘ಡಿವಿಟಿ ಇಲ್ಲ’ ಎಂದು ಮನೆಗೆ ಕಳಿಸಿದವರ ಪೈಕಿ, ಮುಂದಿನ 3 ತಿಂಗಳಲ್ಲಿ ಹೆಪ್ಪು ಕಂಡದ್ದು ಶೇ 0.4ರಷ್ಟು ಮಂದಿಯಲ್ಲಿ ಮಾತ್ರ.

ವರದಿ ಓದುವಾಗ ಎಡವುವ ಜಾಗ ಇನ್ನೊಂದಿದೆ. ಕೆಲವು ಲ್ಯಾಬ್‌ಗಳು ‘ಎಫ್‌ಇಯು’ ಮಾನದಲ್ಲಿ ಅಳೆಯುತ್ತವೆ, ಕೆಲವು ‘ಡಿಡಿಯು’ದಲ್ಲಿ. ಮೊದಲನೆಯದರ 500 ನ್ಯಾನೊಗ್ರಾಂ ಎರಡನೆಯದರಲ್ಲಿ ಸುಮಾರು 250. ಮಾನ ನೋಡದೆ ಎರಡು ಲ್ಯಾಬ್‌ಗಳ ವರದಿಗಳನ್ನು ಹೋಲಿಸಿ ಗಾಬರಿಯಾಗುವುದು ವ್ಯರ್ಥ. 50 ದಾಟಿದವರಿಗೆ ‘ನೆಗೆಟಿವ್’ ಎನ್ನುವ ಮಿತಿಯನ್ನೂ ಸಡಿಲಿಸುವ ಕ್ರಮವಿದೆ: ಎಫ್‌ಇಯು ಮಾನದಲ್ಲಿ ವಯಸ್ಸನ್ನು 10ರಿಂದ ಗುಣಿಸುತ್ತಾರೆ. 72ರ ಅಜ್ಜನಿಗೆ 720.

‘ಹೌದು, ಡಿವಿಟಿಯೇ’ ಎನ್ನಬಲ್ಲ ರಕ್ತಸೂಚಕಕ್ಕಾಗಿ ಹುಡುಕಾಟ ನಡೆದೇ ಇದೆ. ಪಿ-ಸೆಲೆಕ್ಟಿನ್ ಎಂಬ ಪ್ರೋಟೀನು ಭರವಸೆ ಮೂಡಿಸಿದೆ. ಆದರೂ ದಿನನಿತ್ಯದ ಚಿಕಿತ್ಸೆಯಲ್ಲಿ ಖಚಿತಪಡಿಸುವ ಕೆಲಸ ಸ್ಕ್ಯಾನ್‌ನದೇ. ಅಭಿಧಮನಿಯನ್ನು ಪ್ರೋಬ್‌ನಿಂದ ಒತ್ತಿದಾಗ ಅದು ಚಪ್ಪಟೆಯಾಗದಿದ್ದರೆ ಒಳಗೆ ಹೆಪ್ಪಿದೆ ಎಂದರ್ಥ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ, ಲ್ಯಾಬ್‌ಗಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಊತ ಶುರುವಾಗಿ ವಾರಗಳೇ ಕಳೆದಿದ್ದರೆ ಅದನ್ನು ಹೇಳಿಬಿಡಿ. ಆಗ ಡಿ-ಡೈಮರ್ ಸುಳ್ಳೇ ನೆಗೆಟಿವ್ ತೋರಿಸಬಹುದು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಯಾವ ವರದಿಗೂ ಕಾಯದೆ 108ಕ್ಕೆ ಕರೆ ಮಾಡಿ.